ಮಿಲೂದನ ಕೊನೆಯ ಅತಿಥಿ

ನನ್ನ ಅಣ್ಣ ಮಿಲೂದ್ ಬಲು ಶಾಂತ ಸ್ವಭಾವದವನಾಗಿದ್ದ ಎಂದು ಈಗ ಊರಲ್ಲಿ ಹೇಳಿಕೊಂಡು ತಿರುಗುತ್ತಾರೆ. ಸತ್ತವರ ಬಗ್ಗೆ ಸುಳ್ಳು ಹೇಳುವುದು ನಮ್ಮ ಸಬ್ರಾತಾ ಊರಿನವರಿಗೆ ಅಭ್ಯಾಸವಾಗಿಹೋಗಿದೆ. ಅವನು ಶಾಂತನಾಗಿರಲಿಲ್ಲ. ಮೂವತ್ತೊಂಬತ್ತು ವರ್ಷ ರೋಮನರ ರಂಗಮಂದಿರದ ಕಾವಲು ಕಾದ. ಅಷ್ಟು ವರ್ಷಗಳಲ್ಲಿ ಅವನ ಆಲಿವ್ ಕೋಲಿನ ಏಟು ತಿನ್ನದ ಮನೆ ಊರಲ್ಲಿ ನಾಲ್ಕೋ ಐದೋ ಇರಬಹುದು. ನನಗೂ ಒಮ್ಮೆ ಬಿದ್ದಿದೆ. ಒಗೆದ ಬಟ್ಟೆಯನ್ನು ರಂಗದ ಕಂಬಕ್ಕೆ ಹಗ್ಗ ಕಟ್ಟಿ ಒಣಹಾಕಿದ್ದೆ, ಅಷ್ಟಕ್ಕೇ.

ಅವನ ಸಿಟ್ಟು ಎಲ್ಲಿಂದ ಬಂತೆಂದು ನನಗೆ ಗೊತ್ತು. ಇಟಲಿಯವರು ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಮಣ್ಣಲ್ಲಿ ಬಿದ್ದಿದ್ದ ಆ ರಂಗಮಂದಿರದ ಕಂಬಗಳನ್ನು ಎತ್ತಿ ಮತ್ತೆ ನಿಲ್ಲಿಸಿದರು. ನಿಲ್ಲಿಸಿದ್ದು ಅವರು ಅನ್ನುತ್ತಾರೆ, ಎತ್ತಿದ್ದು ನಮ್ಮ ಅಪ್ಪನಂಥವರು. ಎಡಗಡೆಯಿಂದ ಮೂರನೆಯ ಕಂಬ ಇಳಿಯುವಾಗ ಹಗ್ಗ ಜಾರಿ ಅಪ್ಪನ ಎರಡು ಬೆರಳು ಅದರ ಬುಡಕ್ಕೆ ಸಿಕ್ಕಿಕೊಂಡವು. ಕಂಬವನ್ನು ಮತ್ತೆ ಎತ್ತಿದರೆ ಅರ್ಧ ದಿನದ ಕೆಲಸ ಹಾಳು ಎಂದು ಮೇಸ್ತ್ರಿ ಕೊಡಲಿ ತರಿಸಿದ. ಬೆರಳು ಕಡಿದು ಆಳನ್ನು ಬಿಡಿಸಿದ, ಕಲ್ಲಿಗೆ ರಕ್ತ ಮೆತ್ತಿದ್ದಕ್ಕೆ ಕೆನ್ನೆಗೆ ಎರಡು ಬಾರಿಸಿದ. ಆಗ ಅಪ್ಪನಿಗೆ ಹದಿನೈದು ವರ್ಷ. ಆಮೇಲೆ ನಾವು ಚಿಕ್ಕವರಿದ್ದಾಗ ಆ ಕಂಬದ ಹತ್ತಿರ ಕರೆದುಕೊಂಡು ಹೋಗಿ, ನನ್ನ ಬೆರಳು ಇದರ ಕೆಳಗಿವೆ, ಕಾಲು ತೊಳೆಯದೆ ಮೆಟ್ಟಬೇಡಿ ಎನ್ನುತ್ತಿದ್ದ. ನಾನು ನಗುತ್ತಿದ್ದೆ. ಮಿಲೂದ್ ನಗುತ್ತಿರಲಿಲ್ಲ, ಚಪ್ಪಲಿ ಬಿಟ್ಟು ಹತ್ತುತ್ತಿದ್ದ.

ಇಪ್ಪತ್ತಮೂರನೇ ವಯಸ್ಸಿಗೆ ಅವನಿಗೆ ಅಲ್ಲಿಯೇ ಕಾವಲುಗಾರನ ಕೆಲಸ ಸಿಕ್ಕಿತು. ಸಿಕ್ಕ ಮೊದಲ ಬೇಸಿಗೆಯಲ್ಲೇ ಒಬ್ಬ ಮದುಮಗನನ್ನು ಹೊಡೆದ. ಮದುವೆ ದಿಬ್ಬಣ ಫೋಟೊ ತೆಗೆಸಿಕೊಳ್ಳಲು ಬಂದಿತ್ತು. ಮದುಮಗ ಚೂರಿಯಿಂದ ಕಲ್ಲಿನ ಮೇಲೆ ತನ್ನ ಹೆಸರು, ಹೆಂಡತಿಯ ಹೆಸರು ಗೀಚುತ್ತಿದ್ದ. ಮಿಲೂದ್ ಹೂವಿನ ಹಾರ ಸಮೇತ ಅವನ ಕತ್ತಿನ ಪಟ್ಟಿ ಹಿಡಿದು ಮೆಟ್ಟಿಲಿನ ಮೇಲೆ ಎಳೆದಾಡಿದ. ದಿಬ್ಬಣದವರು ಮೈಮೇಲೆ ಬಿದ್ದರು, ಅಣ್ಣನ ಮುಂದಿನ ಹಲ್ಲೊಂದು ಹೋಯಿತು. ಹತ್ತು ವರ್ಷದ ಮೇಲೆ ಅದೇ ಮನುಷ್ಯ ಮೂರು ಮಕ್ಕಳನ್ನು ಕರೆದುಕೊಂಡು ಬಂದಾಗ ಮಿಲೂದ್ ಅವನ ಕೈಗೆ ಬ್ರಷ್ಷು, ಬಕೀಟು ಕೊಟ್ಟು ಆ ಹೆಸರನ್ನು ಉಜ್ಜಿಸಿದ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಾ ನೀರು ಹೊಯ್ದಳು.

ನಮ್ಮ ದೊಡ್ಡಪ್ಪನ ಮಗ ರಂಗಮಂದಿರದ ಅಮೃತಶಿಲೆಯ ಮೂರ್ತಿಯೊಂದರ ತಲೆಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೊರಟಾಗ ಮಾತ್ರ ನಗುವ ಮಾತಿರಲಿಲ್ಲ. ಮಿಲೂದ್ ಅವನ ಹೆಗಲ ಮೂಳೆ ಮುರಿದ. ಎರಡು ಮನೆಗಳ ಗಂಡಸರು ಗುದ್ದಲಿ, ಸಲಾಕೆ ಹಿಡಿದು ಬೀದಿಗಿಳಿದರು, ನಮ್ಮ ಬಾಗಿಲಿಗೆ ಬೆಂಕಿ ಬಿತ್ತು. ಹಿರಿಯರು ಕೂತು ಕುರಿ ಕಡಿಸಿ ರಾಜಿ ಮಾಡಿಸಿದರು. ಆ ರಾಜಿಯ ಊಟದಲ್ಲೂ ಅಣ್ಣ, ಇನ್ನೊಂದು ಸಲ ಬಂದರೆ ಇನ್ನೊಂದು ಹೆಗಲಿದೆ ಎಂದು ಎಲ್ಲರ ಎದುರಿಗೇ ಹೇಳಿದ.

ಅವನ ಹೆಂಡತಿ ಕಾಯಿಲೆಯಿಂದ ತೀರಿಕೊಂಡಾಗ ಮಗ ಅಯಾದನಿಗೆ ಆರು ವರ್ಷ. ನಾನೂ ಗಂಡ ಸತ್ತು ಒಂಟಿಯಾಗಿದ್ದೆ, ಹೋಗಿ ಅಣ್ಣನ ಮನೆ ಸೇರಿದೆ. ಅಯಾದನನ್ನು ಬೆಳೆಸಿದ್ದು ನಾನು, ಹೊಡೆದದ್ದು ಅವನು. ಹತ್ತೊಂಬತ್ತು ವರ್ಷದ ಮಗ ಗೆಳೆಯರ ಮುಂದೆ ಜಂಬ ತೋರಿಸಲು ಮೋಟಾರ್ ಬೈಕನ್ನು ರಂಗದ ಮೇಲೆ ಹತ್ತಿಸಿದ್ದಕ್ಕೆ ಮಿಲೂದ್ ಅವನನ್ನು ಮೂರನೆಯ ಕಂಬಕ್ಕೆ ಕಟ್ಟಿ ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಲ್ಲಿಸಿದ. ಬಿಡಿಸಲು ಹೋದ ನನ್ನನ್ನೂ ದೂಡಿದ. ಸಂಜೆ ಹಗ್ಗ ಬಿಚ್ಚಿದಾಗ ಅಯಾದ್ ಅಳಲಿಲ್ಲ. ನೀನು ಈ ಕಲ್ಲುಗಳಿಗೆ ಹುಟ್ಟಿಸಿದ ಮಗ ಇದ್ದರೆ ಅವನ ಜೊತೆ ಬಾಳು ಎಂದು ಹೇಳಿ ಮನೆ ಬಿಟ್ಟ. ಆಮೇಲೆ ಹತ್ತು ವರ್ಷ ಇಬ್ಬರೂ ಹಬ್ಬಕ್ಕೆ ಮಾತ್ರ ಮುಖ ನೋಡಿಕೊಂಡರು. ಮಗನಿಗೆ ಇಷ್ಟವಾದ ಅಂಜೂರವನ್ನು ಅಪ್ಪ ನನ್ನ ಕೈಯಲ್ಲಿ ಕಳಿಸುತ್ತಿದ್ದ, ತಾನು ಕಳಿಸಿದ್ದೆಂದು ಹೇಳಬೇಡ ಎನ್ನುತ್ತಿದ್ದ.

ಸರ್ಕಾರ ಬಿದ್ದುಹೋದ ಮೇಲೆ ಊರಿನ ಗಂಡಸರೆಲ್ಲ ಬಂದೂಕು ಹಿಡಿದರು. ಆಮೇಲೊಂದು ವರ್ಷ ಸೆಪ್ಟೆಂಬರಿನಲ್ಲಿ ಬಂದರಿನ ಗುಂಪಿಗೂ ಹೆದ್ದಾರಿಯ ಗುಂಪಿಗೂ ಜಗಳ ಹತ್ತಿಕೊಂಡಿತು. ಯಾಕೆಂದು ಕೇಳಬೇಡಿ, ಹೊಡೆದಾಡಿದವರಿಗೂ ಸರಿಯಾಗಿ ಗೊತ್ತಿಲ್ಲ. ಅಯಾದ್ ಬಂದರಿನವರ ಜೊತೆಗಿದ್ದ. ಪಿಕಪ್ ಗಾಡಿಯ ಹಿಂದೆ ಕೂರಿಸಿದ ದೊಡ್ಡ ಫಿರಂಗಿಯೊಂದು ಅವನ ಕೈಯಲ್ಲಿತ್ತು. ಉಳಿದ ಕಾವಲುಗಾರರು ಮನೆ ಸೇರಿದರು. ಮಿಲೂದ್ ಮಾತ್ರ ಚಾಪೆ ಎತ್ತಿಕೊಂಡು ರಂಗದ ಹಿಂಗೋಡೆಯ ಬೆನ್ನಿಗಿದ್ದ ಕಾವಲು ಕೋಣೆಗೆ ಬಂದ. ನಾನು ಒಲೆ, ಪಾತ್ರೆ ಹೊತ್ತು ಹಿಂದೆ ಬಂದೆ. ಅವನಿಗೆ ಇದ್ದ ಹೆದರಿಕೆ ಒಂದೇ. ಆ ಹಿಂಗೋಡೆ ಮೂರು ಅಂತಸ್ತು, ಮೇಲೆ ಹತ್ತಿದವನಿಗೆ ಸಮುದ್ರದಿಂದ ಹೆದ್ದಾರಿ ತನಕ ಇಡೀ ಊರು ಕಾಣುತ್ತದೆ. ಯಾವನಾದರೂ ಬಂದೂಕು ಹಿಡಿದು ಅಲ್ಲಿ ಕೂತರೆ ಎದುರಿನವರು ಗೋಡೆಯನ್ನೇ ಉರುಳಿಸುತ್ತಾರೆ. ಒಬ್ಬನೂ ಮೇಲೆ ಹತ್ತಬಾರದು ಎಂದು ಅವನು ಬಾಗಿಲಲ್ಲಿ ಕೋಲು ಹಿಡಿದು ಕೂತ.

ಸೋಮವಾರ ಬೆಳಿಗ್ಗೆ ಮೂವರು ಬಂದರು. ಕೈಗಾಡಿಯಲ್ಲಿ ಹಾಸಿಗೆ ಸುರುಳಿಗಳು, ಒಂದು ಕೆಟಲ್ಲು, ಮೈತುಂಬ ಧೂಳು. ಆ ವಾರ ಅರ್ಧ ಊರು ಹಾಗೆಯೇ ಹಾಸಿಗೆ ಹೊತ್ತು ಅಲೆಯುತ್ತಿತ್ತು. ಶೆಲ್ ಬೀಳುವ ಹೊತ್ತಿಗೆ ಮೊದಲೇ ಊಟ ಮುಗಿಸೋಣವೆಂದು ನಾನು ಬೆಳಿಗ್ಗೆಯೇ ಬಝೀನ್ ಮಾಡಿದ್ದೆ, ಬಾರ್ಲಿ ಹಿಟ್ಟಿನ ಮುದ್ದೆ, ಸುತ್ತ ಕುರಿಮಾಂಸದ ಸಾರು. ಮಿಲೂದ್ ಅವರನ್ನು ಒಳಗೆ ಕರೆದ. ನಾಲ್ವರೂ ಒಂದೇ ಬೋಗುಣಿಗೆ ಕೈಹಾಕಿ ಉಂಡರು. ಯಾರು, ಎಲ್ಲಿಂದ ಎಂದು ಅವನು ಕೇಳಲಿಲ್ಲ. ಬಂದವನ ಹೆಸರನ್ನು ನಮ್ಮಲ್ಲಿ ಮೂರು ದಿನ ಕೇಳುವಂತಿಲ್ಲ. ಉಂಡವನನ್ನು ಮೂರು ದಿನ, ಅದರ ಮೇಲೆ ಒಂದು ದಿನದ ಮೂರನೇ ಒಂದು ಪಾಲು ಕಾಯಬೇಕು. ಹೊರಟಾಗ ಬುತ್ತಿ ಕೊಟ್ಟು, ಕಣ್ಣಿಗೆ ಮರೆಯಾಗುವ ತನಕ ನಿಂತು ನೋಡಬೇಕು. ನಮ್ಮ ಕಣ್ಣು ಅವನ ಮೇಲಿರುವಷ್ಟು ಹೊತ್ತು ಅವನ ಮೈಮೇಲೆ ಬಿದ್ದ ಏಟು ನಮ್ಮ ಮೈಮೇಲೆ ಬಿದ್ದ ಹಾಗೆ.

ಉಂಡವರು ಎದ್ದು ಹಾಸಿಗೆ ಬಿಚ್ಚಿದರು. ಒಳಗೆ ಬಂದೂಕುಗಳಿದ್ದವು. ಒಂದಕ್ಕೆ ಉದ್ದದ ದುರ್ಬೀನು ಕೂರಿಸಿತ್ತು. ಅವರ ಹಿರಿಯ ಜರ್ರೂಗ್ ಎಂಬವನು, ನಲವತ್ತರ ಆಸುಪಾಸು, ಮಾತು ಬಲು ನಯ.

"ಹಾಜಿ, ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಸುಳ್ಳು ಹೇಳಿದ್ದಿದ್ರೆ ಬೈಯಿರಿ," ಎಂದ.

ಮೂವರೂ ಹೆದ್ದಾರಿಯ ಗುಂಪಿನವರು. ನಾನು ಕೋಲನ್ನು ತಂದು ಅಣ್ಣನ ಕೈಗಿತ್ತೆ. ಹೊಡಿ, ಇವರ ಬುರುಡೆ ಒಡಿ, ಮದುಮಗನಿಗೆ ಹೊಡೆದವನಿಗೆ ಇವರೇನು ದೊಡ್ಡವರು ಎಂದು ಕೂಗಿದೆ. ಅವನು ಕೋಲು ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

"ಅವನ ಕೈ ನೋಡೇ ಮಬ್ರೂಕಾ," ಎಂದ. "ಹಿಟ್ಟು ಇನ್ನೂ ಒಣಗಿಲ್ಲ. ನನ್ನ ಕೈಲೂ ಅದೇ ಹಿಟ್ಟಿದೆ."

ಅವರು ಗೋಡೆಯೊಳಗಿನ ಇಕ್ಕಟ್ಟು ಮೆಟ್ಟಿಲು ಹತ್ತಿ ಮೇಲಕ್ಕೆ ಹೋದರು. ಆ ಬಝೀನನ್ನು ಬೇಯಿಸಿದವಳು ನಾನು. ನೀರು ಕೊಟ್ಟು ಕಳಿಸಿದ್ದರೆ ಸಾಕಿತ್ತು ಎಂದು ಇವತ್ತಿಗೂ ನನ್ನ ಕೈಯನ್ನೇ ಶಪಿಸಿಕೊಳ್ಳುತ್ತೇನೆ.

ಅವತ್ತು ಮಧ್ಯಾಹ್ನವೇ ಗುಂಡು ಹಾರಿತು. ಜರ್ರೂಗ್ ಆತುರಗಾರನಲ್ಲ. ನಾನು ಹಿಟ್ಟು ನಾದುತ್ತಿರುವಾಗ ತಲೆಯ ಮೇಲೆ ಒಂದು ಸದ್ದು, ಆಮೇಲೆ ಎಷ್ಟೋ ಹೊತ್ತು ಮೌನ, ಮತ್ತೊಂದು ಸದ್ದು. ಬಂದರಿನ ರಸ್ತೆಯಲ್ಲಿ ನೀರಿನ ಟ್ಯಾಂಕರಿನವನು ಗಾಡಿಯಿಂದ ಕೆಳಗೆ ಬಿದ್ದ. ಅವನನ್ನು ಎಳೆಯಲು ಬಂದವನೂ ಬಿದ್ದ. ಎರಡನೆಯವನು ಬಿಸಿಲಲ್ಲಿ ಸಂಜೆಯ ತನಕ ಕೈ ಆಡಿಸುತ್ತಿದ್ದನಂತೆ, ಹತ್ತಿರ ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ಬಂದರಿನವರು ತಿರುಗಿ ಹೊಡೆದಾಗ ಅಮೃತಶಿಲೆಯ ಚಕ್ಕೆಗಳು ನಮ್ಮ ಬಾಗಿಲ ಮುಂದೆ ಉದುರಿದವು. ಮಿಲೂದ್ ಒಂದೊಂದನ್ನೂ ಆರಿಸಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದ.

ಮಂಗಳವಾರ ಅಯಾದನ ಫೋನು ಬಂತು. ಸದ್ದು ಜೋರಾಗಿತ್ತು, ನನಗೂ ಕೇಳುತ್ತಿತ್ತು.

"ಅಪ್ಪಾ, ಅವ್ರನ್ನ ಕೆಳಗಿಳಿಸು. ಇಲ್ದಿದ್ರೆ ನಾವು ಗೋಡೆನೇ ಇಳಿಸ್ತೀವಿ."

"ನನ್ನ ಕೈಲಿ ಉಂಡಿದ್ದಾರೆ ಕಣೋ. ಗುರುವಾರ ಸಾಯಂಕಾಲ ಐದಕ್ಕೆ ಮುಗಿಯುತ್ತೆ."

"ನಮ್ಮವ್ರನ್ನ ನೊಣ ಹೊಡೆದ ಹಾಗೆ ಹೊಡೀತಿದ್ದಾರೆ."

"ಗೊತ್ತು. ನಾನೇನು ಕಿವುಡನಾ."

ಮಗನೂ ಇದೇ ನೀರು ಕುಡಿದು ಬೆಳೆದವನು, ಅತಿಥಿಯ ಗಡುವು ಎಂದರೇನೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಐದು ಅಂದ್ರೆ ಐದು," ಎಂದ ಕೊನೆಗೆ. "ನನ್ನ ಜೊತೆಯವ್ರನ್ನ ಅಲ್ಲೀ ತನಕ ಹಿಡಿದಿಡ್ತೀನಿ. ಆಮೇಲೆ ಒಂದು ನಿಮಿಷ ಕಾಯಲ್ಲ. ನೀನು ಅಷ್ಟು ಹೊತ್ತಿಗೆ ಕೆಳಗಿರ್ಬೇಕು."

"ಇರ್ತೀನಿ," ಎಂದ ಮಿಲೂದ್.

ಆಮೇಲೆ ಅವನು ಮೇಲೆ ಹತ್ತಿ ಜರ್ರೂಗನಿಗೂ ಅದನ್ನೇ ಹೇಳಿ ಬಂದ. ಗುರುವಾರ ಐದರ ತನಕ ನಿನಗೆ ನಾನು ಅಡ್ಡ ನಿಲ್ಲುತ್ತೇನೆ, ಐದರ ಮೇಲೂ ಇಲ್ಲಿ ಕೂತಿದ್ದರೆ ನಾನೇ ನಿನ್ನನ್ನು ಮೇಲಿಂದ ನೂಕುತ್ತೇನೆ. ಜರ್ರೂಗ್ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡನಂತೆ. ಕೆಳಗೆ ಬಂದ ಅಣ್ಣ ರಂಗದ ನಟ್ಟನಡುವೆ ಕುರ್ಚಿ ಹಾಕಿಕೊಂಡು ಬಯಲಲ್ಲಿ ಕೂತ. ತನ್ನನ್ನು ಕಂಡಾದರೂ ಮಗ ಫಿರಂಗಿ ಹಾರಿಸದಿರಲಿ ಎಂದು. ಗುಂಡುಗಳು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಅವನ ತಲೆ ದಾಟಿ ಹೋಗುತ್ತಿದ್ದವು. ಊಟಕ್ಕೆ ಕರೆದರೆ ಬರಲಿಲ್ಲ, ಬೈದರೂ ಬರಲಿಲ್ಲ.

ಬುಧವಾರ ಜರ್ರೂಗನ ಜೊತೆಯವನೊಬ್ಬ ಎರಡನೇ ಅಂತಸ್ತಿನಿಂದ ಅಣ್ಣನ ಕುರ್ಚಿಯ ಪಕ್ಕಕ್ಕೇ ಬಂದು ಬಿದ್ದ. ಕುತ್ತಿಗೆಗೆ ಗುಂಡು ತಗುಲಿತ್ತು. ರಕ್ತ ರಂಗದಂಚಿನ ಕೆತ್ತನೆಯ ಮೇಲೆ, ಕುಣಿಯುವ ಹೆಂಗಸರ ಮುಖಗಳ ಮೇಲೆ ಹರಿಯಿತು. ಮಿಲೂದ್ ಶವಕ್ಕೆ ಸ್ನಾನ ಮಾಡಿಸಿ, ತನ್ನ ಬಿಳಿಯ ಉಣ್ಣೆ ಹೊದಿಕೆಯಲ್ಲೇ ಸುತ್ತಿ, ಬೇಲಿಯ ಬುಡದಲ್ಲಿ ಮಣ್ಣು ಮಾಡಿದ. ಆಮೇಲೆ ಸಮುದ್ರದಿಂದ ನೀರು ಹೊತ್ತು ತಂದು ಕಲ್ಲು ತೊಳೆದ. ಇನ್ನೊಬ್ಬ ಆ ಗಡಿಬಿಡಿಯಲ್ಲಿ ಬಂದೂಕು ಬಿಸಾಡಿ ಓಡಿಹೋದ. ಮೇಲೆ ಉಳಿದವನು ಜರ್ರೂಗ್ ಒಬ್ಬನೇ.

ಗುರುವಾರ ಮಧ್ಯಾಹ್ನ ಅವನಿಗೂ ತೊಡೆಗೆ ಬಿತ್ತು. ನಾಲ್ಕೂವರೆಯ ಹೊತ್ತಿಗೆ ಅಯಾದನ ಫೋನು. ಕುರ್ಚಿ ಖಾಲಿ ಕಾಣ್ತಿದೆ, ಅಪ್ಪ ಕೆಳಗಿದ್ದಾನಾ ಎಂದು ಕೇಳಿದ. ನಾನು ಬಾಗಿಲಿಂದ ಇಣುಕಿ ನೋಡಿದೆ, ಮಿಲೂದ್ ನಮಾಜಿಗೆ ಕೈಕಾಲು ತೊಳೆಯುತ್ತಿದ್ದ. ಕೆಳಗೇ ಇದ್ದಾನೆ ಎಂದೆ. ಅದು ಸುಳ್ಳಲ್ಲ. ಅಷ್ಟಕ್ಕೆ ಲೈನು ಕಡಿದುಹೋಯಿತು, ಆಮೇಲೆ ಎಷ್ಟು ಒತ್ತಿದರೂ ಹತ್ತಲಿಲ್ಲ.

ನಮಾಜು ಮುಗಿಸಿ ಅಣ್ಣ ಬುತ್ತಿ ಕೇಳಿದ. ಯಾರಿಗೆ ಎಂದೆ. ಹೊರಡುವವನಿಗೆ ಎಂದ. ನನಗೆ ಮೈಯೆಲ್ಲ ಉರಿಯಿತು. ಟ್ಯಾಂಕರಿನವನ ಹೆಂಡತಿಗೂ ಒಂದು ಬುತ್ತಿ ಕಟ್ಟಲಾ ಎಂದು ಕೇಳಿದೆ. ಆದರೂ ಎರಡು ರೊಟ್ಟಿ, ಒಂದು ಹಿಡಿ ಖರ್ಜೂರ ಬಟ್ಟೆಯಲ್ಲಿ ಕಟ್ಟಿಕೊಟ್ಟೆ.

"ಕಾಲು ಮುರ್ಕೊಂಡು ಕೂತಿದ್ದಾನೆ, ತಾನಾಗಿ ಇಳಿಯೋಕಾಗಲ್ಲ," ಎಂದ. "ಹಿಡ್ಕೊಂಡು ಇಳಿಸಿ, ಗೇಟಿನ ತನಕ ಬಿಟ್ಟು, ತಿರುವಿನ ಆಲಿವ್ ಮರ ದಾಟೋ ತನಕ ನೋಡ್ತೀನಿ. ದಾಟಿದ ಮೇಲೆ ತಿರುಗಿ ಬಂದ್ರೆ ತಲೆ ಒಡೀತೀನಿ."

"ಮೊದಲು ತಲೆ ಒಡಿ, ಆಮೇಲೆ ಬುತ್ತಿ ಕೊಡು."

ಅವನು ನಕ್ಕ. ಆ ನಾಲ್ಕು ದಿನದಲ್ಲಿ ನಕ್ಕಿದ್ದು ಅದೊಂದೇ ಸಲ. ಹಲ್ಲು ಹೋದ ಜಾಗ ಕಾಣುವ ಹಾಗೆ ನಕ್ಕು, ಕೋಲನ್ನು ನನ್ನ ಕೈಗೆ ಕೊಟ್ಟು, ಬುತ್ತಿ ಹಿಡಿದು ಮೆಟ್ಟಿಲು ಹತ್ತಿದ. ಐದಕ್ಕೆ ಇನ್ನೂ ಕಾಲು ಗಂಟೆಯಿತ್ತು.

ಆ ಮೆಟ್ಟಿಲಲ್ಲಿ ಒಬ್ಬನೇ ಇಳಿಯುವುದು ಕಷ್ಟ. ಇಬ್ಬರು ಪಕ್ಕಪಕ್ಕ ಹಿಡಿಸುವುದಿಲ್ಲ. ಮೇಲಿಂದ ಜರ್ರೂಗನ ನರಳಾಟ, ಮಿಲೂದನ ಬೈಗುಳ ಕೇಳುತ್ತಿತ್ತು. ಹೊತ್ತು ಮೀರುತ್ತಿತ್ತು. ಬುತ್ತಿ ಕೊಟ್ಟು ಕಳಿಸುವ ಹೊತ್ತೂ ಅತಿಥಿಯದೇ, ಅದು ಗಡುವಿಗೆ ಸೇರುವುದಿಲ್ಲ, ಮಗನಿಗೂ ಅದು ಗೊತ್ತಿದ್ದೇ ಇರುತ್ತದೆ ಎಂಬುದು ಅಣ್ಣನ ನಂಬಿಕೆ. ಅಪ್ಪ ಕೆಳಗಿದ್ದಾನೆ, ಐದು ಅಂದರೆ ಐದು ಎಂಬುದು ಮಗನದು. ನಾನು ಕೋಣೆಯ ಮುಂದಿನ ಬಯಲಿಗೆ ಓಡಿ ತಲೆಯ ವಸ್ತ್ರ ಬಿಚ್ಚಿ ಬೀಸಿದೆ. ಬಂದರಿನ ಕಡೆಯಿಂದ ನಾನು ಕಾಣುವ ಹಾಗಿರಲಿಲ್ಲ, ನಡುವೆ ಹಿಂಗೋಡೆ ಇತ್ತು, ಸುತ್ತಿ ರಂಗದ ಕಡೆಗೆ ಹೋಗುವಷ್ಟು ಹೊತ್ತಿರಲಿಲ್ಲ.

ಐದಕ್ಕೆ ಸರಿಯಾಗಿ ಫಿರಂಗಿಯ ಮೊದಲ ಗುಂಡು ಮೇಲಿನ ಅಂತಸ್ತಿನ ಮೂಲೆಯನ್ನು ಹಾರಿಸಿತು. ಎರಡನೆಯದು, ಮೂರನೆಯದು ಎರಡನೇ ಅಂತಸ್ತಿಗೇ ಬಿದ್ದವು. ಒಂದು ಕಂಬ ನಡುವಿಗೆ ತುಂಡಾಗಿ ರಂಗದ ಮೇಲೆ ಕುಸಿಯಿತು. ಧೂಳಿನಲ್ಲಿ ನನಗೆ ನನ್ನ ಕೈಯೇ ಕಾಣಲಿಲ್ಲ. ಅಣ್ಣಾ ಎಂದು ಕಿರುಚುತ್ತಾ ಮೆಟ್ಟಿಲು ಹತ್ತಿದೆ.

ಎರಡನೇ ಅಂತಸ್ತಿನ ಗೂಡಿನೊಳಗೆ ಜರ್ರೂಗ್ ಮುದುಡಿಕೊಂಡಿದ್ದ. ಅವನನ್ನು ಒಳಕ್ಕೆ ದೂಡಿ ಮಿಲೂದ್ ಮೇಲೆ ಬಿದ್ದಿದ್ದ. ಅಣ್ಣನ ಬೆನ್ನು ಇರಲಿಲ್ಲ. ಬೆನ್ನಿದ್ದ ಕಡೆ ಬಟ್ಟೆ, ಮೂಳೆ, ಕಲ್ಲಿನ ಪುಡಿ ಒಂದಾಗಿ ಕಲಸಿಹೋಗಿತ್ತು. ಬುತ್ತಿ ಜರ್ರೂಗನ ಎದೆಯ ಮೇಲಿತ್ತು. ಅವನು ಬದುಕಿದ್ದ. ಆ ಅನ್ಯಾಯವನ್ನು ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ಟ್ಯಾಂಕರಿನವನನ್ನು ಕೊಂದವನು ಬದುಕಿದ್ದ, ಅವನ ಮೈಮೇಲೆ ನನ್ನ ಅಣ್ಣ ಸತ್ತುಬಿದ್ದಿದ್ದ.

ಅಯಾದನೂ ಅವನ ಜೊತೆಯವರೂ ಓಡಿಬರುವಷ್ಟರಲ್ಲಿ ನಾನು ಜರ್ರೂಗನನ್ನು ಕತ್ತಿನ ಪಟ್ಟಿ ಹಿಡಿದು ರಂಗದ ಮೇಲಕ್ಕೆ ಎಳೆತಂದಿದ್ದೆ. ಅಯಾದ್ ಗೆದ್ದವರ ಹಾಗೆ ಕೂಗುತ್ತಾ ಬಂದ. ನನ್ನ ಬಟ್ಟೆಯ ಮೇಲಿನ ರಕ್ತ ನೋಡಿದ. ಮೆಟ್ಟಿಲಿನ ಕಡೆ ನೋಡಿದ. ಮೇಲೆ ಹತ್ತಿಹೋದ. ಅಲ್ಲಿಂದ ಬಂದ ಸದ್ದು ಅಳುವಾಗಿರಲಿಲ್ಲ, ಅಂಥ ಸದ್ದನ್ನು ನಾನು ಬೇರೆ ಯಾವ ಗಂಡಸಿನ ಬಾಯಲ್ಲೂ ಕೇಳಿಲ್ಲ. ಕೆಳಗೆ ಬಂದವನೇ ಪಿಸ್ತೂಲು ತೆಗೆದು ಜರ್ರೂಗನ ಹಣೆಗೆ ಗುರಿಯಿಟ್ಟ. ನಾನು ಕೋಲು ಬೀಸಿ ಅವನ ಮಣಿಕಟ್ಟಿಗೆ ಹೊಡೆದೆ. ಪಿಸ್ತೂಲು ಬಿತ್ತು.

"ಪಕ್ಕಕ್ಕೆ ಬಾ ಅತ್ತೆ," ಎಂದ.

"ಇವನಿನ್ನೂ ನಮ್ಮ ಬಾಗಿಲು ದಾಟಿಲ್ಲ. ನಿಮ್ಮಪ್ಪ ಅರ್ಧಕ್ಕೆ ಬಿಟ್ಟ ಕೆಲಸ ಇದು, ನಾನು ಮುಗಿಸ್ತೀನಿ."

"ಅತ್ತೆ, ನಾನು ಅಪ್ಪನ್ನ..." ಎಂದ.

"ಗೊತ್ತು. ಈಗ ಅವನ ಮರ್ಯಾದೆನಾದ್ರೂ ಉಳಿಸು."

ಜರ್ರೂಗನಿಗೆ ಹೆಗಲು ಕೊಟ್ಟು ನಡೆಸಿದೆ. ಬಂದರಿನವರು ಎರಡೂ ಕಡೆ ಬಂದೂಕು ಹಿಡಿದು ನಿಂತಿದ್ದರು, ಯಾರೂ ಮುಟ್ಟಲಿಲ್ಲ. ಅಯಾದ್ ಬಿದ್ದ ಪಿಸ್ತೂಲನ್ನು ಎತ್ತಿಕೊಂಡು ಹತ್ತು ಹೆಜ್ಜೆ ಹಿಂದೆ ಬಂದ. ಗೇಟಿನಲ್ಲಿ ನಾನು ಬುತ್ತಿಯನ್ನು ಜರ್ರೂಗನ ಕೈಗಿಟ್ಟು, ಊರಿಕೊಳ್ಳಲು ಅಣ್ಣನ ಕೋಲನ್ನೂ ಕೊಟ್ಟೆ. ಅಲ್ಲಿಂದ ಆಲಿವ್ ಮರದ ತಿರುವಿಗೆ ಇನ್ನೂರು ಹೆಜ್ಜೆ, ನೆಟ್ಟಗಿನ ದಾರಿ.

"ಅಮ್ಮಾ, ತಿರುವಿನ ತನಕ ನೋಡ್ತಾ ಇರಿ," ಎಂದು ಮೆಲ್ಲಗೆ ಹೇಳಿದ.

ಹೋಗು ಎಂದೆ. ಅವನು ಕುಂಟುತ್ತಾ ಹೊರಟ. ನಾನು ನೋಡುತ್ತಾ ನಿಂತೆ. ಐವತ್ತು ಹೆಜ್ಜೆ ಹೋದ, ನೂರು ಹೆಜ್ಜೆ ಹೋದ. ಅಣ್ಣನ ಕೋಲು ಮಣ್ಣಿನಲ್ಲಿ ಊರುವ ಸದ್ದು ಕೇಳುತ್ತಿತ್ತು. ಆ ಕೋಲು ನನ್ನ ಅಣ್ಣನ ಕೈಯಲ್ಲಿ ಇನ್ನೆಂದೂ ಇರುವುದಿಲ್ಲ ಎಂಬುದು ಆಗ ನನಗೆ ಹೊಳೆಯಿತು. ನಾನು ತಿರುಗಿಕೊಂಡೆ.

ಒಂದೇ ಗುಂಡಿನ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅಯಾದ್ ಕೋಲನ್ನೂ ಬುತ್ತಿಯನ್ನೂ ತಂದು ನನ್ನ ಮುಂದೆ ಇಟ್ಟ. ಗಂಟು ಬಿಚ್ಚಿರಲಿಲ್ಲ.

ಈಗ ರಂಗಮಂದಿರದ ಗೇಟಿನಲ್ಲಿ ಕೂರುವವನು ಅವನು. ಕಲ್ಲಿನ ಮೇಲೆ ಹೆಸರು ಬರೆದರೂ ಯಾರಿಗೂ ಹೊಡೆಯುವುದಿಲ್ಲ, ಬಕೀಟು ತಂದು ತಾನೇ ಉಜ್ಜುತ್ತಾನೆ. ಶತ್ರುವನ್ನೂ ಬುತ್ತಿ ಕೊಟ್ಟು ಕಳಿಸಿದವಳು ಎಂದು ಊರಿನ ಹೆಂಗಸರು ನನ್ನನ್ನು ಹೊಗಳುತ್ತಾರೆ. ಮಿಲೂದನಾಗಿದ್ದರೆ ಜರ್ರೂಗ್ ತಿರುವು ದಾಟುವ ತನಕ ಕಣ್ಣು ಕದಲಿಸುತ್ತಿರಲಿಲ್ಲ. ನಾನು ನೂರು ಹೆಜ್ಜೆಗೇ ತಿರುಗಿದೆ. ತಿರುಗಿದಾಗ ಕಂಡದ್ದನ್ನು ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಅಯಾದ್ ದಾರಿಯನ್ನು ನೋಡುತ್ತಿರಲಿಲ್ಲ. ಪಿಸ್ತೂಲು ಹಿಡಿದು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ.